ಹೆಬ್ಬೆಟ್ಟಿನ ಪಾಠ

ತಮಾಲೆಯಿಂದ ಉತ್ತರಕ್ಕೆ, ಡಾಂಬರು ಮುಗಿದ ಮೇಲೂ
ಒಂದು ಗಂಟೆಯ ದಾರಿ. ಬೈಕಿನ ಹಿಂದೆ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ
ಅಣಕು ಮತಚೀಟಿ ಇನ್ನೂರು, ಶಾಯಿಯ ಮೆತ್ತೆ ಎರಡು,
ಮತ್ತೆ ನನ್ನ ಬುತ್ತಿ.
ಹರ್ಮಟ್ಟಾನಿನ ಧೂಳು
ಇಲಾಖೆಯ ಮುದ್ರೆಯನ್ನೂ ಬಿಟ್ಟಿರಲಿಲ್ಲ.

ಕುಲ್ದಾನಾಯ್ಲಿಯ ಹೆಂಗಸರು ಏಳಲಿಲ್ಲ.
ಶಿಯಾ ಹಿಟ್ಟು ನಾದುವಾಗ ಕೈ ತೆಗೆದರೆ ಬೆಣ್ಣೆ ಮುನಿಯುತ್ತದಂತೆ.
"ಕೂತುಕೋ ವುಂಪಿನಿ, ಹೇಳು,
ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ."

ಹೇಳಿದೆ.
ಚೀಟಿಯ ಮೇಲೆ ಒಂದರ ಕೆಳಗೊಂದು ನಾನೇ ಗೀಚಿದ ಚಿತ್ರ:
ಏಣಿ, ಗಿನಿಕೋಳಿ, ಸೋರೆಬುರುಡೆ, ಬದನೆಕಾಯಿ.
ಒತ್ತಿ. ಆರಲಿ. ಮಡಿಸುವಾಗ ಉದ್ದಕ್ಕೆ ಮೊದಲು;
ಅಡ್ಡಕ್ಕೆ ಮಡಿಸಿದರೆ ಏಣಿಯ ಶಾಯಿ ಕೋಳಿಗೂ ತಗುಲಿ
ಇಬ್ಬರಿಗೂ ಇಲ್ಲದ ಮತವಾಗುತ್ತದೆ.
"ನನ್ನ ಗಂಡನ ಹಾಗೆ" ಎಂದಳು ಯಾರೋ.
ಬಾಣಲೆ ಬಾಣಲೆಯೂ ನಕ್ಕಿತು.

ರಾತ್ರಿಯೇ ಶಾಲೆಯ ಅಂಗಳದಲ್ಲಿ ಕಲ್ಲಿಟ್ಟು
ಸಾಲು ಹಿಡಿಯುತ್ತೀರಲ್ಲ, ಇಡಿ,
ಆದರೆ ಕಲ್ಲಿಗೆ ಓಟಿಲ್ಲ. ಸಂಜೆ ಐದಕ್ಕೆ ನೀವು ಸಾಲಿನಲ್ಲಿದ್ದರೆ
ಕತ್ತಲಾದರೂ ಸರಿ, ನಿಮ್ಮನ್ನು ಬಿಟ್ಟು ಬಾಗಿಲು ಮುಚ್ಚುವಂತಿಲ್ಲ.

ರುಕಾಯಾ ಮಗುವನ್ನು ಬೆನ್ನಿಗೆ ಬಿಗಿದುಕೊಳ್ಳುತ್ತ ಕೇಳಿದಳು:
"ಅವನು ಮನೆಮನೆಗೆ ಉಪ್ಪು ಹಂಚಿದ್ದಾನೆ. ತಿಂದಿದ್ದೇವೆ.
ತಿಂದ ಉಪ್ಪಿಗೆ ಎರಡು ಬಗೆಯಬಹುದೇ?"
ನನ್ನ ಕೈಪಿಡಿಯಲ್ಲಿ ಉಪ್ಪಿನ ಪುಟವಿರಲಿಲ್ಲ.
ಮೂಲೆಯಿಂದ ಮ್ಮಾ ಲಾರಿಬಾ, ತಲೆಯೆತ್ತದೆ:
"ಉಪ್ಪು ಅವನದೇ? ಸಮುದ್ರದ್ದು.
ಸಮುದ್ರ ಚುನಾವಣೆಗೆ ನಿಂತಾಗ ನೋಡೋಣ."

ಆಮೇಲೆ ಕೈ ಒರೆಸಿಕೊಂಡು, ಅಷ್ಟು ಜನರಲ್ಲಿ ಅವಳೊಬ್ಬಳೇ,
ಹತ್ತೂ ಬೆರಳು ನನ್ನ ಮುಂದೆ ಹಿಡಿದಳು.
ಅರವತ್ತು ವರ್ಷದ ನಾದು. ಗೆರೆಯಿಲ್ಲ, ಸುಳಿಯಿಲ್ಲ,
ಹೊಳೆ ತೊಳೆದ ಹರಳಿನಂಥ ತುದಿಗಳು.
"ಕಳೆದ ಸಲ ಹತ್ತನ್ನೂ ಇಟ್ಟೆ. ಹತ್ತು ಸಲ ಕೆಂಪು ದೀಪ.
ಯಂತ್ರದ ಹುಡುಗ ಅಂದ, ಅಜ್ಜಿ, ನೀವು ನೀವಲ್ಲ.
ಸರಿ ಅಂತ ಮನೆಗೆ ನಡೆದು ಬಂದೆ.
ಯಾರು ನಡೆದು ಬಂದಳೋ, ನಾನಂತೂ ಅಲ್ಲವಂತಲ್ಲ."

ಈಗ ಯಾರೂ ನಗಲಿಲ್ಲ. ನನ್ನ ಗಂಟಲೂ ಧೂಳು.
ಮ್ಮಾ, ಬೆರಳು ಸೋತರೆ ಮುಖ ತೋರಿಸಿ.
ಮುಖವೂ ಸೋತರೆ ಒಂದು ಅರ್ಜಿ ಇದೆ,
ಪಟ್ಟಿಯಲ್ಲಿ ಹೆಸರಿದ್ದರೆ ಅವರು ತುಂಬಲೇಬೇಕು.
ಒಂದೇ ಮಾತು ಕಲಿಯಿರಿ: "ಅರ್ಜಿ ತನ್ನಿ, ಕಾಯುತ್ತೇನೆ."
ಅವಳು ಹೇಳಿದಳು. ತಪ್ಪಾಯಿತು. ಮತ್ತೆ ಹೇಳಿದಳು.
ಪಕ್ಕದವಳು ಹಿಟ್ಟಿಗೆ ಗುದ್ದಿ ತಾಳ ಕೊಟ್ಟಳು:
ಅರ್ಜಿ ತನ್ನಿ, ಗುದ್ದು, ಕಾಯುತ್ತೇನೆ, ಗುದ್ದು.
ಬೆಣ್ಣೆ ಬಿಳಿಯಾಗಿ ಮೇಲೆ ತೇಲುವವರೆಗೂ.

ಹೊರಡುವ ಮುನ್ನ ಇದನ್ನೂ ಹೇಳಿದೆ:
ನನ್ನಪ್ಪನನ್ನು ಬ್ಯಾಂಕಿನ ಗುಮಾಸ್ತ ಹೆಬ್ಬೆಟ್ಟು ಎಂದು ಕರೆದಿದ್ದ.
ಆ ದಿನ ದೇಶಕ್ಕೆ ದೇಶವೇ ಹೆಬ್ಬೆಟ್ಟು.
ಅಕ್ರಾದ ನ್ಯಾಯಾಧೀಶರೂ ಪೆನ್ನು ಜೇಬಿನಲ್ಲೇ ಬಿಟ್ಟು
ಕೈ ಕರಿ ಮಾಡಿಕೊಳ್ಳಬೇಕು. ಆ ಗುಮಾಸ್ತನೂ.

ರಾತ್ರಿ ಕಂದೀಲಿನ ಮುಂದೆ ಅಣಕು ಚೀಟಿಗಳನ್ನು ಎಣಿಸಿದೆ.
ನಲವತ್ತೊಂದು. ಕೆಟ್ಟವು ಒಂಬತ್ತು; ನಾಳೆ ಮತ್ತೆ ಹೋಗಬೇಕು.
ಒಂದರಲ್ಲಿ ಮಾತ್ರ ಗೆರೆಯಿಲ್ಲದ ಕಪ್ಪು, ನುಣ್ಣಗೆ, ಗುಂಡಗೆ,
ಚೌಕದ ನಟ್ಟನಡುವೆ. ಸುತ್ತ ಜಿಡ್ಡು ಹೀರಿದ ಕಾಗದ
ದೀಪಕ್ಕೆ ಹಿಡಿದರೆ ಆಚೆ ಕಾಣುತ್ತಿತ್ತು.

ಯಂತ್ರ ಹತ್ತು ಸಲ ಗುರುತಿಸದವಳನ್ನು
ನಾನು ಒಂದೇ ನೋಟಕ್ಕೆ ಗುರುತಿಸಿಬಿಟ್ಟೆ.
ನಿಮ್ಮ ಮತ ಯಾರಿಗೂ ತಿಳಿಯದು ಎಂದು
ಬೆಳಗ್ಗೆ ಆಣೆಯಿಟ್ಟು ಹೇಳಿದವಳೂ ನಾನೇ.

ಏಣಿಯೋ ಕೋಳಿಯೋ, ಕೇಳಬೇಡಿ.
ಮಡಿಸಿದೆ,
ಉದ್ದಕ್ಕೆ ಮೊದಲು.